ಸೇಡಂ ದಾರಿಯ ಎಂಟು ಕಲ್ಲು

ನೆಲಕ್ಕೆ ಹಾಸಲು ಕೊಯ್ದ ಫರ್ಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಶಹಾಬಾದಿನಲ್ಲಿ ಹುಟ್ಟಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಬೇರೆ ಊರಿನವರಿಗೆ ವಿವರಿಸಿದರೂ ತಿಳಿಯುವುದಿಲ್ಲ. ಹೋದ ವಾರ ಮೊದಲ ಮಳೆ ಬಿತ್ತು. ನಾನು ಯಾರ್ಡಿನಲ್ಲಿ ಟೇಪು ಹಿಡಿದು ನಿಂತಿದ್ದೆ. ಪೇರಿಸಿಟ್ಟ ಕಲ್ಲಿನಿಂದ ಆ ವಾಸನೆ ಎದ್ದು ಮೂಗಿಗೆ ಬಡಿಯಿತು. ಮಳೆಯ ವಾಸನೆಗೆ ಜನರಿಗೆ ಅವ್ವ ನೆನಪಾಗುತ್ತಾಳಂತೆ, ಶಾಲೆ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ವರ್ಷದ ಮೇಲಾಯಿತು, ಇನ್ನೂ ಬರುತ್ತದೆ.

ನಾನು ಫರ್ಸಿ ಯಾರ್ಡಿನಲ್ಲಿ ಅಳತೆಯ ಮನುಷ್ಯ. ಖಣಿಯಿಂದ ಬಂದ ಕಲ್ಲು ಕೊಯ್ಸಿಕೊಂಡು, ಪಾಲಿಶ್ ಆಗಿ, ಲಾರಿ ಏರುವ ಮುಂಚೆ ಒಂದೊಂದನ್ನೂ ಅಳೆಯುವವನು. ಎರಡಡಿ ಅಂತ ಬಂದ ಕಲ್ಲು ಕಾಲಿಂಚು ಕಡಿಮೆ ಇದ್ದರೆ ಪಕ್ಕಕ್ಕೆ ಸರಿಸುತ್ತೇನೆ. ಮಾಲಕರು ಕೇಳಿದರೂ ಬಿಡುವುದಿಲ್ಲ. ಹೀಗಾಗಿ ಯಾರ್ಡಿನಲ್ಲಿ ನನಗೆ 'ಬರೋಬ್ಬರಿ ಶರಣಪ್ಪ' ಅಂತ ಹೆಸರು. ಚೇಷ್ಟೆಗೆ ಇಟ್ಟ ಹೆಸರೇ, ಆದರೆ ಒಳಗೊಳಗೆ ನನಗೆ ಅದರ ಹೆಮ್ಮೆ ಇತ್ತು. ಇಂಥ ಮನುಷ್ಯ ಎಂಟು ತಿಂಗಳು ಸುಳ್ಳು ಅಳತೆಯ ಮೇಲೆ ಓಡಿದ.

ಓಟದ ಹುಚ್ಚು ಹಿಡಿದದ್ದು ನಲವತ್ತೊಂದನೆಯ ವಯಸ್ಸಿಗೆ, ವಾಡಿ ಸ್ಟೇಷನ್ನಿನಲ್ಲಿ. ಸೇಡಂಗೆ ಒಂದು ಲಗ್ನಕ್ಕೆ ಹೊರಟಿದ್ದೆವು, ನಾನು ಮತ್ತು ಸಿದ್ದಪ್ಪ ಕಾಕಾ. ಗಾಡಿ ಹೊರಟುಬಿಟ್ಟಿತ್ತು. ಅರವತ್ತಮೂರರ ಕಾಕಾ ಧೋತರ ಎತ್ತಿಕೊಂಡು ಓಡಿ ಡಬ್ಬಿ ಹತ್ತಿದ. ನಾನು ಪ್ಲಾಟ್‌ಫಾರ್ಮಿನ ಅರ್ಧಕ್ಕೇ ಮೊಣಕಾಲು ಹಿಡಿದು ನಿಂತೆ. ಬಾಗಿಲಲ್ಲಿ ನಿಂತ ಕಾಕಾ ನಗುತ್ತ ನಗುತ್ತ ದೂರವಾದ. ಲಗ್ನದ ಮನೆಯಲ್ಲಿ ಎಲ್ಲರಿಗೂ ಹೇಳಿ ಮತ್ತೆ ನಕ್ಕ. ಮರುವಾರ ನಾನು ಬೂಟು ಕೊಂಡೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಅವತ್ತಿನಿಂದ ನನ್ನನ್ನು ಸಾಕಿದ್ದು, ಓದಿಸಿದ್ದು, ಲಗ್ನ ಮಾಡಿದ್ದು ಎಲ್ಲ ಇವನೇ. ಅವನಿಗೆ ಮಕ್ಕಳಿಲ್ಲ. ಮೂವತ್ತು ವರ್ಷ ಗುತ್ತಿಗೆದಾರರ ಕೈಕೆಳಗೆ ರಸ್ತೆ ಗ್ಯಾಂಗಿನಲ್ಲಿ ದುಡಿದ. ಖಡಿ ಹಾಸಿದ, ಡಾಂಬರು ಸುರಿದ, ರಸ್ತೆ ಬದಿಗೆ ಕಲ್ಲು ನೆಟ್ಟ. ಈಗ ವಾಡಿಯಲ್ಲಿ ಕಾಕಿಯ ಜೊತೆ ಇದ್ದಾನೆ. ಬೆಳಗ್ಗೆ ಚಹಾದಂಗಡಿಗೆ ಹೋಗಿ ಕೂತರೆ ಹನ್ನೊಂದರ ತನಕ ಅವನದೇ ದರ್ಬಾರು. ಈ ಭಾಗದ ಯಾವ ರಸ್ತೆ ಯಾವ ವರ್ಷ ಆಯಿತು, ಯಾವ ಸೇತುವೆಯ ಕೆಳಗೆ ಎಂಥ ಬಂಡೆ ಇದೆ, ಎಲ್ಲ ಬಾಯಿಪಾಠ. 'ಸಿದ್ದಪ್ಪಗ ಕೇಳ್ರಿ' ಅಂತ ಜನ ಅನ್ನುತ್ತಿದ್ದರು.

ಮುಖ್ಯ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಧೂಳು, ಓಡಲಿಕ್ಕೆ ಆಗುವುದಿಲ್ಲ. ಚಿತ್ತಾಪುರ ದಾಟಿ ಸೇಡಂ ದಿಕ್ಕಿಗೆ ಹೋಗುವ ಒಂದು ಒಳದಾರಿ ಇದೆ. ಎರಡೂ ಕಡೆ ತೊಗರಿ ಹೊಲ, ನಡುನಡುವೆ ಬಿಟ್ಟ ಖಣಿಗಳು. ತಿರುವಿನಿಂದ ಶುರುವಾಗಿ ಎಂಟು ಕಿಲೋಮೀಟರ್ ಕಲ್ಲು. ಪ್ರತಿ ರವಿವಾರ ನಸುಕಿನಲ್ಲಿ ಕಾಕಾನ ಮೊಪೆಡ್ ಮೇಲೆ ಅಲ್ಲಿಗೆ ಹೋಗುತ್ತಿದ್ದೆವು. ನಾನು ಓಡುವುದು, ಅವನು ಹಿಂದೆ ನಿಧಾನಕ್ಕೆ ಗಾಡಿ ಬಿಡುವುದು. ಹ್ಯಾಂಡಲಿಗೆ ಬೆಲ್ಲ ನಿಂಬೆಹಣ್ಣಿನ ನೀರು ತುಂಬಿದ ಕ್ಯಾನು. ಮುಂಗೈಗೆ ವಾಚು. 'ಮೂರನೇ ಕಲ್ಲು, ಇಪ್ಪತ್ತು ಮಿನಿಟ್!' ಅಂತ ಕೂಗುತ್ತಿದ್ದ. ನಾನು ಹಾಯುವಾಗ ಪ್ರತಿ ಕಲ್ಲಿನ ನೆತ್ತಿ ಮುಟ್ಟಿ ಹೋಗುತ್ತಿದ್ದೆ. ಮುಟ್ಟದೆ ಹೋದರೆ ಅದು ಲೆಕ್ಕಕ್ಕಿಲ್ಲ ಅನ್ನಿಸುತ್ತಿತ್ತು.

ಓಟ ಮುಗಿದ ಮೇಲೆ ಸೀದಾ ಶಹಾಬಾದಿನ ಯಾರ್ಡಿಗೆ ಬರುವುದು. ರವಿವಾರ ಮಷೀನು ಬಂದ್. ಪಾಲಿಶ್ ಮಷೀನಿನ ನೀರಿನ ಹೌದಿನಲ್ಲಿ, ಆ ತೊಟ್ಟಿಯ ಬಿಳಿ ರಾಡಿಯಲ್ಲಿ, ತೊಡೆಯ ತನಕ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ದೊಡ್ಡ ಓಟಗಾರರು ಬರ್ಫದ ನೀರಿನಲ್ಲಿ ಕೂರುತ್ತಾರೆ ಅಂತ ಎಲ್ಲೋ ಓದಿದ್ದೆ. ನಮ್ಮ ಬರ್ಫ ಇದು. ಕಾಕಾ ಪಕ್ಕದಲ್ಲಿ ಕೂತು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿದು ಕೊಡುತ್ತಿದ್ದ. ಆ ವಾಸನೆಯ ಮೂಲ ಇದು. ನನ್ನ ಜೀವನದ ಅತ್ಯಂತ ಖುಷಿಯ ಎಂಟು ತಿಂಗಳು ಅವು, ಅದನ್ನೂ ಹೇಳಿಬಿಡುತ್ತೇನೆ.

ಜೂನಿನಲ್ಲಿ ಎರಡು ಕಲ್ಲಿಗೆ ಏದುಸಿರು ಬಿಡುತ್ತಿದ್ದವನು ದಸರೆಯ ಹೊತ್ತಿಗೆ ಹದಿನಾರು ಓಡುತ್ತಿದ್ದೆ. ತೊಗರಿ ಹಳದಿ ಹೂ ಬಿಟ್ಟಾಗ ಇಪ್ಪತ್ನಾಲ್ಕು. ಚಳಿಗಾಲದ ನಡುವೆ ಮೂವತ್ತೆರಡು, ಅಂದರೆ ಎಂಟನೇ ಕಲ್ಲಿನ ತನಕ ಎರಡು ಸಲ ಹೋಗಿ ಬರುವುದು. ಮೂರೂವರೆ ತಾಸು ಹಿಡಿಯಿತು. ಫೆಬ್ರವರಿಯಲ್ಲಿ ನಡೆಯುವ ಹೈದರಾಬಾದಿನ ಒಂದು ಮ್ಯಾರಥಾನಿಗೆ ಹೆಸರು ಕೊಟ್ಟೆ. ನಲವತ್ತೆರಡು ಕಿಲೋಮೀಟರ್ ಐದು ತಾಸಿನಲ್ಲಿ ಮುಗಿಸುತ್ತೇನೆ ಅಂತ ಯಾರ್ಡಿನ ಗೋಡೆಗೆ ಒರಗಿಸಿದ ಒಂದು ಕಲ್ಲಿನ ಮೇಲೆ ಸೀಮೆಸುಣ್ಣದಿಂದ 'ಐದು ತಾಸು' ಅಂತ ಬರೆದಿಟ್ಟೆ. ಇಪ್ಪತ್ತು ವರ್ಷ ಮಂದಿಯ ಮನೆಗೆ ಹೋಗುವ ಕಲ್ಲು ಅಳೆದಿದ್ದೆ. ನನ್ನದು ಅಂತ ಒಂದು ಅಳತೆ ಇರಲಿ ಅನ್ನುವ ಆಸೆ.

ನಡುವೆ ಒಂದು ರವಿವಾರ ನನ್ನ ಹೆಂಡತಿ ಸುವರ್ಣಾ ನನ್ನ ಫೋನಿನಲ್ಲಿ ಓಟ ಅಳೆಯುವ ಆ್ಯಪ್ ಹಾಕಿಕೊಟ್ಟಳು. ಅವಳು ಅಂಗನವಾಡಿ ಕಾರ್ಯಕರ್ತೆ, ಫೋನಿನ ಕೆಲಸ ನನಗಿಂತ ಚೆನ್ನಾಗಿ ಗೊತ್ತು. ಅವತ್ತು ಮೂವತ್ತೆರಡು ಕಲ್ಲು ಮುಗಿಸಿ ನೋಡಿದರೆ ಫೋನು ಇಪ್ಪತ್ತಾರು ತೋರಿಸಿತು.

'ಫೋನು ಏನಂತದ?' ಅಂದ ಕಾಕಾ.

'ಸುಳ್ಳು ಹೇಳ್ತದ. ಈ ಖಣಿ ಏರಿಯಾದಾಗ ಟವರ್ ಎಲ್ಲಿ ಬರೋಬ್ಬರಿ ಸಿಗ್ತದ?'

'ಎಷ್ಟು ಕಮ್ಮಿ ತೋರಸ್ತದ?'

'ಆರು.'

ಕಾಕಾ ಕ್ಯಾನಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಆಮೇಲೆ, 'ಇನ್ನೊಂದು ಮೂರು ಕಲ್ಲು ಹೋಗಿ ಬಾರಪ್ಪಾ. ನಿನ್ನ ಗಂಟೇನು ಹೋಗ್ತದ?' ಅಂದ.

'ಓಟದ ಚಾರ್ಟಿನ್ಯಾಗ ಇವತ್ತಿಗಿ ಮೂವತ್ತೆರಡು ಅಂತ ಬರದದ ಕಾಕಾ. ಹೆಚ್ಚಿಗಿ ಓಡಿದ್ರ ಮೊಣಕಾಲು ಕೆಡ್ತಾವ. ನಿಂಗ ತಿಳಿಯಂಗಿಲ್ಲ.'

ಮರುವಾರವೂ ಹಾಗೇ ಅಂದ. ಅದರ ಮರುವಾರವೂ. ನಾನು ಮೂರನೇ ಸಲಕ್ಕೆ ರೇಗಿದೆ. 'ಕಲ್ಲು ಕಣ್ಮುಂದ ನಿಂತದ, ಫೋನು ಆಕಾಶ ನೋಡಿ ಹೇಳ್ತದ. ನಾ ಯಾವುದು ನಂಬ್ಲಿ? ಕಲ್ಲು ಸುಳ್ಳು ಹೇಳಂಗಿಲ್ಲ' ಅಂದೆ. ಕಲ್ಲಿನಿಂದಲೇ ಉಣ್ಣುವವರು ನಾವು, ಈ ಮಾತು ನಮ್ಮ ಬಾಯಲ್ಲಿ ಸಲೀಸು. ಆ್ಯಪ್ ತೆಗೆದುಹಾಕಿದೆ. ಕಾಕಾ ಮತ್ತೆ ಆ ಮಾತೆತ್ತಲಿಲ್ಲ.

ಹೈದರಾಬಾದಿನ ಆ ಬೆಳಗಿನ ಬಗ್ಗೆ ಹೆಚ್ಚು ಹೇಳುವ ಮನಸ್ಸಿಲ್ಲ. ಸಾವಿರಗಟ್ಟಲೆ ಜನ, ಬಣ್ಣಬಣ್ಣದ ಬೂಟು, ಕುಣಿಯುವ ಹಾಡು. ಓಟ ಶುರುವಾಗಿ ಎಷ್ಟು ಹೊತ್ತಾದರೂ ಒಂದನೇ ಕಿಲೋಮೀಟರಿನ ಬೋರ್ಡು ಬರಲಿಲ್ಲ. ಬಂದಾಗ ವಾಚು ನೋಡಿಕೊಂಡೆ. ನನ್ನ ಲೆಕ್ಕಕ್ಕಿಂತ ಒಂದೂವರೆ ಮಿನಿಟು ತಡ. ಗದ್ದಲದಲ್ಲಿ ನಿಧಾನವಾದೆ ಅಂದುಕೊಂಡು ವೇಗ ಹೆಚ್ಚಿಸಿದೆ. ಎರಡನೆಯದೂ ತಡ. ಇನ್ನೂ ಹೆಚ್ಚಿಸಿದೆ. ಹೀಗೆ ಪ್ರತಿ ಬೋರ್ಡಿನ ಜೊತೆ ಜಗಳಾಡುತ್ತ, ನನ್ನದಲ್ಲದ ವೇಗದಲ್ಲಿ ಇಪ್ಪತ್ತಾರರ ತನಕ ಹೋದೆ. ಅಲ್ಲಿ ತೊಡೆಗಳು ಸೆಟೆದು ನಿಂತವು. ಸೇಡಂ ದಾರಿಯಲ್ಲಿ ದೇಹ ಪ್ರತಿ ರವಿವಾರ ಎಲ್ಲಿ ನಿಲ್ಲುತ್ತಿತ್ತೋ ಬರೋಬ್ಬರಿ ಅಲ್ಲಿಗೆ ನಿಂತಿತು. ದೇಹಕ್ಕೆ ಖರೆ ಅಳತೆ ಗೊತ್ತಿತ್ತು, ನನಗಿರಲಿಲ್ಲ.

ಉಳಿದ ಹದಿನಾರು ನಡೆದೆ. ಓಡಿದೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ, ನಡೆದೆ. ಕುಂಟುತ್ತ ನಡೆದೆ. ನನ್ನ ಅವ್ವನ ವಯಸ್ಸಿನ ಒಬ್ಬ ಹೆಣ್ಣುಮಗಳು ಸೀರೆಯ ಮೇಲೆ ಬೂಟು ಹಾಕಿಕೊಂಡು ನನ್ನನ್ನು ದಾಟಿ ಹೋದಳು, ಹೋಗುವಾಗ ಬೆನ್ನು ಚಪ್ಪರಿಸಿ 'ಪದಂಡಿ ಬಾಬು' ಅಂದಳು, ತೆಲುಗಿನಲ್ಲಿ, ನಡೀರಿ ಅಂತ. ಆ ಚಪ್ಪರಿಕೆಗೆ ಹುಚ್ಚು ಸಿಟ್ಟು ಬಂತು. ಮುಗಿಸಿದಾಗ ಆರು ತಾಸು ಹದಿನಾಲ್ಕು ಮಿನಿಟು. ಓಟ ಮುಗಿಯುವಲ್ಲಿ ನಿಲ್ಲಿಸಿದ್ದ ಬಲೂನಿನಂಥ ಕಮಾನಿನ ಗಾಳಿ ತೆಗೆಯುತ್ತಿದ್ದರು, ಅದು ಒಂದು ಕಡೆಗೆ ಬಾಗಿ ಮಲಗಿತ್ತು. ಅದರ ಪಕ್ಕದಿಂದ ಹಾದು ಹೋದೆ. ಒಂದು ಹುಡುಗಿ ರಟ್ಟಿನ ಖೋಕಾದಲ್ಲಿ ಕೈ ಹಾಕಿ ಹುಡುಕಿ, ಪ್ಲಾಸ್ಟಿಕ್ ಚೀಲದೊಳಗಿನ ಪದಕವನ್ನು ಕೈಗೆ ಕೊಟ್ಟಳು. ಕಾಕಾ ಬೇಲಿಯ ಹತ್ತಿರ ಕ್ಯಾನು ಹಿಡಿದು ನಿಂತಿದ್ದ. ಅವನ ಕಣ್ಣು ಕೆಂಪಾಗಿದ್ದವು. ದಣಿವಿಗೆ ಅಂದುಕೊಂಡೆ.

ವಾಪಸು ಗಾಡಿ ತಾಂಡೂರು ದಾಟಿತು. ಕಿಟಕಿಯ ಹೊರಗೆ ಕೊಯ್ಲು ಮುಗಿದ ತೊಗರಿ ಹೊಲ, ಕಪ್ಪು ಮಣ್ಣಿನಲ್ಲಿ ಬರೀ ಕೂಳೆ. ನಾನು ಎದುರಿನ ಸೀಟಿನ ಮೇಲೆ ಕಾಲು ಚಾಚಿ, ಬೋರ್ಡುಗಳು ಯಾಕೆ ಅಷ್ಟು ತಡವಾಗಿ ಬಂದವು ಅಂತ ಅದನ್ನೇ ಹಲುಬುತ್ತಿದ್ದೆ. ಅಲ್ಲಿನವರ ಅಳತೆಯೇ ತಪ್ಪಿರಬೇಕು ಅನ್ನುವ ಮಟ್ಟಕ್ಕೆ ಹೋಗಿದ್ದೆ.

'ಅವರದು ತಪ್ಪಿಲ್ಲ, ಶರಣು' ಅಂದ ಕಾಕಾ. 'ಆ ಎಂಟು ಕಲ್ಲು ಅದಾವಲ್ಲ, ಅವು ನಮ್ಮ ಗ್ಯಾಂಗಿನವರೇ ಹಾಕಿದ್ದು.'

'ಹಾಕಿದ್ರ ಏನಾತು?'

'ಅಳತಿ ಮಾಡಿ ಹಾಕಿದ್ದಲ್ಲ.' ಅವನು ಕಿಟಕಿಯ ಹೊರಗೆ ನೋಡಿಕೊಂಡೇ ಹೇಳಿದ. 'ಟೆಂಪೋದಾಗ ಎಂಟು ಕಲ್ಲು ತಂದು ಇಳಿಸಿ ಹೋದ್ರು. ಕೆಳಗ ಪೂರಾ ಫರ್ಸಿ. ಕಬ್ಬಣದ ಹಾರಿ ಹೊಡದ್ರ ಕಿಡಿ ಹಾರ್ತದ, ಗುಂಡಿ ಬೀಳಂಗಿಲ್ಲ. ಎಲ್ಲಿ ಜರಾ ಮಣ್ಣು ಸಿಕ್ತೋ ಅಲ್ಲಿ ಗುಂಡಿ, ಗುಂಡಿ ಬಿದ್ದಲ್ಲಿ ಕಲ್ಲು. ಆ ಹಳ್ಳದ ಆಚಿಗಿ ಬರೇ ಬಂಡಿ. ಅದಕ್ಕ ಎಂಟೂ ಈಚಿಗೇ ಹಾಕಿಬಿಟ್ವಿ. ಸಂಜಿ ಆಗಿತ್ತು, ಮಂದಿಗಿ ಮನಿಗಿ ಹೋಗೋ ಅವಸರ.'

'ನಿನಗ ಗೊತ್ತಿತ್ತು.'

'ಗೊತ್ತಿತ್ತು.'

'ಮೊದಲನೇ ದಿನದಿಂದ?'

'ನೀ ಒಂದೊಂದು ಕಲ್ಲು ಮುಟ್ಟಿ ಮುಟ್ಟಿ ನಗ್ತಿದ್ದಿ. ಹ್ಯಾಂಗ ಹೇಳ್ಲಿ ನಾ?'

ಸೇಡಂ ಬಂತು, ಚಿತ್ತಾಪುರ ಬಂತು. ವಾಡಿಯಲ್ಲಿ ಕಾಕಾ ನನ್ನ ಚೀಲ ಎತ್ತಿಕೊಳ್ಳಲು ಬಂದಾಗ ಕಸಿದುಕೊಂಡೆ.

ಮರುದಿನದಿಂದ ಊರಿನ ಕಾಟ ಶುರುವಾಯಿತು. 'ಎಷ್ಟನೇ ನಂಬರ್ ಬಂತ್ರಿ ಶರಣಪ್ಪ?' ಅಂತ ಪಾನ್ ಡಬ್ಬಾದವನು ಕೇಳುತ್ತಾನೆ. ನಂಬರಿನ ಆಟ ಅಲ್ಲ ಅಂದರೆ, 'ಅಂದ್ರ ಯಾರು ಬೇಕಾದವರು ಓಡಬಹುದೇನು?' ಅನ್ನುತ್ತಾನೆ. ಇನ್ನು ಕೆಲವರು ಇದ್ದಾರೆ, ಸಮಾಧಾನದವರು. 'ಮುಗಿಸಿದ್ರಲ್ಲ, ಅದೇ ಭಾಳ ಆತು ಬಿಡ್ರಿ.' ಈ 'ಅದೇ ಭಾಳ ಆತು' ಅನ್ನುವ ಮಾತಿಗೆ ನನ್ನ ಮೈ ಉರಿಯುತ್ತದೆ. ಯಾರಿಗೆ ಭಾಳ ಆಯಿತು? ನಿಮಗೆ ಆಯಿತು, ನೀವು ಓಡಿಲ್ಲ. ಸೋತವನಿಗೆ ಸೋತೆ ಅಂತ ಕೂತುಕೊಳ್ಳಲು ಎರಡು ದಿನ ಬೇಕು. ಆ ಎರಡು ದಿನವನ್ನೂ ನಮ್ಮ ಜನ ಕೊಡುವುದಿಲ್ಲ, ಹಾರ ಹಿಡಿದುಕೊಂಡು ಬಂದುಬಿಡುತ್ತಾರೆ.

ಹಾರ ಹಿಡಿದುಕೊಂಡೇ ಬಂದರು. ಮೂರನೆಯ ದಿನ ಸಂಜೆ ಮಾಲಕರು ಯಾರ್ಡಿನ ಮುಂದೆ ಶಾಮಿಯಾನಾ ಹಾಕಿಸಿದರು. ನನ್ನ ಫೋಟೋದ ಫ್ಲೆಕ್ಸು, ಕೆಳಗೆ 'ಮ್ಯಾರಥಾನ್ ವೀರ'. ಅದನ್ನು ನಾನು ಹೈದರಾಬಾದಿಗೆ ಹೋಗುವ ಮುಂಚೆಯೇ ಪ್ರಿಂಟ್ ಮಾಡಿಸಿದ್ದರಂತೆ. ನಿರೂಪಣೆಗೆ ನಿಂತ ಮಾಸ್ತರರು ನಾನು ಐದು ತಾಸಿಗೂ ಮುಂಚೆ ಮುಗಿಸಿದೆ ಅಂದುಬಿಟ್ಟರು. ಜನ ಚಪ್ಪಾಳೆ ಹೊಡೆದರು. ನನಗೆ ಶಾಲು ಹೊದಿಸಿದರು. ಆಮೇಲೆ, 'ಇಂಥ ವೀರನ್ನ ತಯಾರು ಮಾಡಿದ ಗುರು, ಕಾಕಾ ಸಿದ್ದಪ್ಪನವರು ವೇದಿಕೆಗೆ ಬರಬೇಕು' ಅಂದರು. ಕಾಕಾ ಬರಲ್ಲ ಬರಲ್ಲ ಅಂತ ಕೈ ಆಡಿಸುತ್ತಿದ್ದ. ಇಬ್ಬರು ಎಬ್ಬಿಸಿ ಕರೆತಂದು ಅವನ ಕೊರಳಿಗೂ ಹಾರ ಹಾಕಿದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ, ಕೊರಳ ತುಂಬ ಚೆಂಡುಹೂ. ಅವನು ನೆಲ ನೋಡುತ್ತ ಕೂತ.

ನನಗೆ ಎರಡು ಮಾತು ಆಡಿ ಅಂದರು. ಮೈಕು ಕೈಗೆ ಬಂದಾಗ ಏನು ಹೇಳಬೇಕು ಅಂತ ಇತ್ತೋ, ನೆನಪಿಲ್ಲ. ಹೇಳಿದ್ದು ಮಾತ್ರ ಒಂದೊಂದು ಅಕ್ಷರ ನೆನಪಿದೆ.

'ನಾ ವೀರ ಅಲ್ಲ. ಆರು ತಾಸು ಹದಿನಾಲ್ಕು ಮಿನಿಟ್ ತಗೊಂಡೀನಿ, ಅರ್ಧ ದಾರಿ ನಡದೀನಿ. ಯಾಕ ಅಂತ ಕೇಳ್ರಿ ಈ ಮನುಷ್ಯಾಗ. ಆ ರೋಡಿಗಿ ಕಲ್ಲು ಹಾಕಿದಾಂವ ಇವನೇ. ಎಂಟೂ ಕಲ್ಲು ಸುಳ್ಳು. ಇವನಿಗಿ ಗೊತ್ತಿತ್ತು. ಎಂಟು ತಿಂಗಳು ನನ್ನ ಬೆನ್ನ ಹಿಂದ ಗಾಡಿ ಮ್ಯಾಲ ಕೂತು ಸುಳ್ಳು ಟೈಮ್ ಹೇಳ್ಯಾನ. ನನ್ನ ಓಟ ಹಾಳು ಮಾಡಿದಾಂವ ಇವನೇ, ಇವನಿಗಿ ಹಾರ ಹಾಕೀರಿ ನೀವು.'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಕಾ ಎದ್ದ. ಹಾರ ತೆಗೆದು, ಕುರ್ಚಿಯ ಮೇಲೆ ಸುರುಳಿ ಮಾಡಿ ಇಟ್ಟ. ಮಾಲಕರಿಗೆ ಕೈ ಮುಗಿದು 'ನಾ ಬರ್ತೀನ್ರಿ' ಅಂದ. ನನ್ನ ಕಡೆ ನೋಡಲಿಲ್ಲ. ಅವನ ಮೊಪೆಡ್ ಒಂದೇ ಒದೆತಕ್ಕೆ ಶುರುವಾಗಲಿಲ್ಲ, ನಾಲ್ಕೈದು ಸಲ ಒದೆಯಬೇಕಾಯಿತು. ಅಷ್ಟೂ ಹೊತ್ತು ಎಲ್ಲರೂ ಅವನನ್ನು ನೋಡುತ್ತಿದ್ದರು.

ಆ ಮೊದಲ ವಾರ ನನಗೆ ಹಗುರ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಸೋಲಿಗೆ ಒಂದು ಹೆಸರು ಸಿಕ್ಕಿತ್ತು, ಅದು ನನ್ನದಲ್ಲ. ಆಮೇಲೆ ವಾಡಿಯ ಸುದ್ದಿ ಬರತೊಡಗಿತು. ಚಹಾದಂಗಡಿಯಲ್ಲಿ ಕಾಕಾ ಯಾವುದೋ ರಸ್ತೆಯ ಮಾತೆತ್ತಿದರೆ, 'ಅಳತಿ ಮಾಡಿ ಹೇಳಾಕತ್ತಿಯೋ, ಗುಂಡಿ ಬಿದ್ದಲ್ಲಿ ಹೇಳಾಕತ್ತಿಯೋ ಸಿದ್ದಪ್ಪ?' ಅಂತ ನಗುತ್ತಾರಂತೆ. ಅವನು ಅಂಗಡಿಗೆ ಹೋಗುವುದು ಬಿಟ್ಟನಂತೆ. ಮೂವತ್ತು ವರ್ಷ ಬಿಸಿಲಲ್ಲಿ ರಸ್ತೆ ಮಾಡಿದವನ ಹೆಸರು ಮೂರು ಮಿನಿಟಿನಲ್ಲಿ ಮಣ್ಣುಪಾಲಾಯಿತು. ಮಾಡಿದವನು ನಾನು. ಗೊತ್ತಾದರೂ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಇದು ಯಾವ ನಮೂನೆಯ ಸಿಟ್ಟೋ ಏನೋ.

ಚಿಂಚೋಳಿಯ ಮಗ್ಗುಲು ಚಂದಾಪುರದಲ್ಲಿ ನಮ್ಮ ಮಾಲಕರ ಒಂದು ಕಲ್ಲಿನ ಡಿಪೋ ಇದೆ. ಬೇಸಿಗೆಗೆ ಅಲ್ಲಿ ಯಾರಾದರೂ ಬೇಕಾಗಿತ್ತು. ನಾನೇ ಕೇಳಿಕೊಂಡು ಹೋದೆ. ಮಾರ್ಚಿನಿಂದ ಮೇ ತನಕ ಅಲ್ಲಿದ್ದೆ. ಹಗಲು ತಗಡಿನ ಕೆಳಗೆ ಕೂತು ಕಲ್ಲು ಅಳೆಯುವುದು. ಚಿಮ್ಮನಚೋಡದ ರೈತರು ಕಣದ ಮನೆಗೆ ಫರ್ಸಿ ಒಯ್ಯಲು ಬರುತ್ತಿದ್ದರು, ಕುಂಚಾವರಂ ಕಡೆಯವರು ಅರ್ಧ ತೆಲುಗಿನಲ್ಲಿ ದರ ಚೌಕಾಶಿ ಮಾಡುತ್ತಿದ್ದರು. ಅವರಲ್ಲೂ ಒಬ್ಬ, 'ಓಡೋ ಶರಣಪ್ಪ ನೀವೇ ಅಲ್ಲೇನ್ರಿ? ಎಷ್ಟನೇ ನಂಬರ್?' ಅಂದ. ಅವನ ಕಲ್ಲುಗಳನ್ನು ಎರಡೆರಡು ಸಲ ಅಳೆದು, ಅವನನ್ನು ಮಧ್ಯಾಹ್ನದ ಬಿಸಿಲಲ್ಲಿ ಒಂದು ತಾಸು ನಿಲ್ಲಿಸಿದೆ. ರವಿವಾರ ನಸುಕಿನಲ್ಲಿ ತಾನಾಗಿಯೇ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲೇ ಬಿದ್ದುಕೊಂಡು ಕಾಕಾನ ಜೊತೆ ಮನಸ್ಸಿನಲ್ಲೇ ಜಗಳ ಮಾಡುತ್ತಿದ್ದೆ. ಪ್ರತಿ ಜಗಳದಲ್ಲೂ ನಾನೇ ಗೆಲ್ಲುತ್ತಿದ್ದೆ. ಒಮ್ಮೆ ಕುಂಚಾವರಂ ಕಾಡಿನ ರಸ್ತೆಗೆ ಹೋಗಿ ಓಡಲು ನೋಡಿದೆ. ಎಲೆ ಉದುರಿದ ಮರಗಳ ನಡುವೆ ಹತ್ತು ಮಿನಿಟು ಹೋಗಿ, ಎಷ್ಟು ಓಡಿದೆ ಅಂತ ಗೊತ್ತಾಗದೆ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ವಾಪಸು ಬಂದೆ.

ಮೇ ತಿಂಗಳ ರಜೆಗೆ ಸುವರ್ಣಾ ಬಂದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ನಾನು ಉಣ್ಣುತ್ತ ಮತ್ತೆ ಅದೇ ಪುರಾಣ ತೆಗೆದೆ. ಕಾಕಾ ಒಂದು ಮಾತು ಹೇಳಿದ್ದರೆ ನಾನು ಐದು ತಾಸಿನಲ್ಲಿ ಮುಗಿಸುತ್ತಿದ್ದೆ, ಇತ್ಯಾದಿ. ಅವಳು ಕೈಯಲ್ಲಿದ್ದ ತಂಬಿಗೆ ಟಣ್ಣನೆ ಕೆಳಗಿಟ್ಟಳು.

'ಕುಣಿಲಾಕ ಬರ್ದಾಕಿ ನೆಲ ಡೊಂಕು ಅಂದ್ಲಂತ. ಸಾಕು ಮಾಡ್ರಿ ಇನ್ನ. ಫೋನು ಇಪ್ಪತ್ತಾರು ತೋರಿಸ್ತಲ್ಲ, ಅದನ್ನ ಮೈಕಿನ್ಯಾಗ ಯಾಕ ಹೇಳಲಿಲ್ಲ?'

'ಫೋನು...'

'ನಮ್ಮ ಅಂಗನವಾಡ್ಯಾಗ ಕೂಸಿನ ತೂಕ ಕಮ್ಮಿ ಬಂದ್ರ ತಕ್ಕಡಿಗಿ ಬೈತಾರೇನ್ರಿ ಯಾರರ? ನೀವು ತಕ್ಕಡಿ ಎತ್ತಿ ಒಗದೀರಿ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗಿ ಟೇಪು ಹಿಡದು ನೋಡಬೇಕಂದ್ರ ಎಷ್ಟೊತ್ತಿನ ಕೆಲಸ? ದಿನಾ ಕೈಯಾಗ ಟೇಪೇ ಇರ್ತದ ನಿಮ್ಮದು. ಯಾಕ ನೋಡಲಿಲ್ಲ?'

ಯಾಕೆ ನೋಡಲಿಲ್ಲ ಅಂತ ನನಗೆ ಗೊತ್ತಿತ್ತು. ಆ ರವಿವಾರ ಬೆಳಗ್ಗೆ ಫೋನು ಇಪ್ಪತ್ತಾರು ಅಂದಿತ್ತು. ಅದು ಖರೆ ಅಂತ ಆಗಲೇ ತಿಳಿದಿತ್ತು. ಟೇಪು ಹಿಡಿದರೆ ಮೂವತ್ತೆರಡು ಕೈಬಿಟ್ಟು ಹೋಗುತ್ತದೆ, ಅದಕ್ಕೇ ಹಿಡಿಯಲಿಲ್ಲ. ಮಂದಿಯ ಕಾಲಿಂಚು ಬಿಡದ ಬರೋಬ್ಬರಿ ಶರಣಪ್ಪ ತನ್ನ ಆರು ಕಿಲೋಮೀಟರನ್ನು ನುಂಗಿ ಕೂತಿದ್ದ.

ಸುವರ್ಣಾ ಅಲ್ಲಿಗೇ ಬಿಡಲಿಲ್ಲ. 'ಕಾಕಾಗ ಆ ಫೋನಿನ ಮಾತು ಗೊತ್ತಿತ್ತಲ್ರಿ. ಅವತ್ತು ಶಾಮಿಯಾನಾದಾಗ ಒಂದು ಮಾತು ಅಂದಿದ್ರ ನಿಮ್ಮ ಮರ್ಯಾದಿ ಎಲ್ಲಿರ್ತಿತ್ತು? ಅನಲಿಲ್ಲ ಅಂವ. ಎದ್ದು ಹೋದ.'

ಇದು ನನಗೆ ಅಲ್ಲಿತನಕ ಹೊಳೆದೇ ಇರಲಿಲ್ಲ. ಮೂರು ತಿಂಗಳು ಮನಸ್ಸಿನಲ್ಲಿ ಅವನ ಜೊತೆ ಜಗಳಾಡಿದ್ದೆ, ಅವನ ಬಾಯಿಂದ ಆ ಒಂದು ಮಾತು ನಾನು ಆಡಿಸಿರಲಿಲ್ಲ. ಉಂಡ ತಾಟಿನಲ್ಲೇ ಕೈ ತೊಳೆದೆ.

ಜೂನಿನ ಮೊದಲ ಮಳೆಯಲ್ಲಿ ವಾಡಿಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಕೂತು ಹಳೇ ಹಗ್ಗ ಬಿಚ್ಚುತ್ತಿದ್ದ. ಕಾಕಿ ನನ್ನನ್ನು ನೋಡಿ, ಮಳೆಯ ಇರುಚಲು ಒಳಗೆ ಬರುತ್ತದೆ ಅಂತ ಬಾಗಿಲು ಹಾಕಿ ಚಹಾಕ್ಕೆ ಇಡಲು ಹೋದಳು. ನಾನು ಅವನ ಎದುರಿಗೆ ಕೂತು, ತಪ್ಪು ನಂದು ಅಂದೆ. ಫೋನು ಖರೆ ಹೇಳಿತ್ತು, ನನಗೆ ಗೊತ್ತಿತ್ತು, ನಿನ್ನ ಮೇಲೆ ಹಾಕಿದೆ ಅಂದೆ. ಕಣ್ಣಲ್ಲಿ ನೀರು ಬಂದಿತ್ತು. ಇನ್ನೇನು ಅವನು ತಲೆ ಸವರುತ್ತಾನೆ, ಹೋಗ್ಲಿ ಬಿಡು ಅನ್ನುತ್ತಾನೆ ಅಂತ ಕಾಯುತ್ತಿದ್ದೆ. ಒಂಬತ್ತನೇ ವರ್ಷದಿಂದ ಅವನು ಹಾಗೇ ಮಾಡುತ್ತ ಬಂದಿದ್ದ.

ಕಾಕಾ ಹಗ್ಗ ಕೆಳಗಿಟ್ಟ.

'ಇಲ್ಲಿ ಯಾಕ ಹೇಳಾಕತ್ತಿ? ಇಲ್ಲಿ ಯಾರದಾರ ಕೇಳೋರು? ನಾನು, ನಿಮ್ಮ ಕಾಕಿ. ಬೈಯ್ಯೋದು ಮೈಕಿನ್ಯಾಗ, ತಪ್ಪಾತು ಅನ್ನೋದು ಬಾಗಲಾ ಹಾಕ್ಕೊಂಡು. ಯಾವ ಊರಿನ ನ್ಯಾಯ ಇದು?'

ನಾನು ಹುಟ್ಟಿದಾಗಿನಿಂದ ಕೇಳದ ಧ್ವನಿ. 'ಕಲ್ಲು ಹಾಕಿದ್ದು ನನ್ನ ತಪ್ಪು. ಹೇಳದೇ ಇದ್ದದ್ದೂ ನನ್ನ ತಪ್ಪು. ಅವೆರಡು ನಾ ಹೊತಗೊಂಡೀನಿ. ನಿಂದು ನೀ ಹೊರು. ಎದ್ದೇಳು, ಹೋಗು.'

ಕಾಕಿ ಚಹಾ ತರುವಷ್ಟರಲ್ಲಿ ನಾನು ಅಂಗಳದಲ್ಲಿದ್ದೆ, ಮಳೆಯಲ್ಲಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮರುವಾರ, ಸನ್ಮಾನದ ದಿನ ಮೈಕು ಹಾಕಿದ್ದನಲ್ಲ, ಅವನ ಹತ್ತಿರವೇ ಹೋದೆ. 'ಏನ್ ಕಾರ್ಯಕ್ರಮ ಅಣ್ಣಾ?' ಅಂದ. ಬಂದು ಕೇಳು ಅಂದೆ. ಯಾರ್ಡಿನ ಮುಂದೆ ಚಹಾದ ಹೊತ್ತಿಗೆ ಮಷೀನುಗಳನ್ನು ನಿಲ್ಲಿಸಲು ಮಾಲಕರಲ್ಲಿ ಕೇಳಿಕೊಂಡೆ. ಅವತ್ತು ಶಾಮಿಯಾನಾಕ್ಕೆ ಬಂದವರೆಲ್ಲರನ್ನೂ ಕರೆದಿದ್ದೆ. ವಾಡಿಯ ಚಹಾದಂಗಡಿಯವರಿಗೂ ಹೇಳಿಕಳಿಸಿದ್ದೆ. ಸುವರ್ಣಾ ಹೋಗಿ ಕಾಕಾನನ್ನು ಕರೆತಂದಳು. ಅವನು ಕುರ್ಚಿಯಲ್ಲಿ ಕೂರಲಿಲ್ಲ, ಹಿಂದೆ ಪೇರಿಸಿಟ್ಟ ಕಲ್ಲಿನ ಮೇಲೆ ಕೂತ.

ಎಲ್ಲ ಹೇಳಿದೆ. ಫೋನು, ಇಪ್ಪತ್ತಾರು, ಅವನು ಮೂರು ರವಿವಾರ ಮೂರ್ಮೂರು ಕಲ್ಲು ಹೆಚ್ಚಿಗೆ ಓಡು ಅಂದದ್ದು, ನಾನು ರೇಗಿದ್ದು, ಟೇಪು ಹಿಡಿಯದೆ ಇದ್ದದ್ದು. 'ಕಾಕಾ ಕಲ್ಲು ತಪ್ಪು ಹಾಕಿದಾನ, ಅದಕ್ಕ ಬೇಕಾದ್ರ ನಗ್ರಿ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಓಡಿದಾಂವ ನಾನು. ಓಟ ಹಾಳು ಮಾಡಿದಾಂವ ನಾನು. ಅವನ ಹಾರ ತೆಗಿಸಿದ್ದು ನನ್ನ ಬಾಯಿ.' ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಯಾರೋ ಒಬ್ಬ ಮಾತ್ರ 'ಬರೋಬ್ಬರಿ' ಅಂದ. ಅದು ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಮಷೀನುಗಳು ಮತ್ತೆ ಶುರುವಾದವು.

ಕಾಕಾ ಮರುದಿನದಿಂದ ಚಹಾದಂಗಡಿಗೆ ಹೋಗುತ್ತಿದ್ದಾನೆ ಅಂತ ಸುದ್ದಿ ಬಂತು. ನಗುವವರು ಈಗ ನನ್ನ ಹೆಸರು ಹೇಳಿ ನಗುತ್ತಾರಂತೆ. ನಗಲಿ.

ನಾನು ಮತ್ತೆ ಓಡುತ್ತಿದ್ದೇನೆ. ಫೋನಿನಲ್ಲಿ ಆ್ಯಪ್ ಇದೆ, ಅದು ಹೇಳಿದಷ್ಟೇ ಓಡಿದೆ ಅಂತ ತಿಳಿಯುತ್ತೇನೆ. ಅದು ಯಾವಾಗಲೂ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಹೇಳುತ್ತದೆ, ಯಾವಾಗಲೂ ಸಿಟ್ಟು ಬರುತ್ತದೆ, ನುಂಗಿಕೊಳ್ಳುತ್ತೇನೆ. ಕಾಕಾ ನಮ್ಮ ಮನೆಗೆ ಬರುತ್ತಾನೆ. ಹಬ್ಬಕ್ಕೆ ಬಂದ, ಉಂಡ, ಸುವರ್ಣಾಳ ಜೊತೆ ನಕ್ಕು ಮಾತಾಡಿದ. ನನ್ನ ಕೂಡಾ ಬೇಕಾದಷ್ಟೇ ಮಾತು. ರವಿವಾರ ನಸುಕಿನಲ್ಲಿ ಮಾತ್ರ ಬರುವುದಿಲ್ಲ.

ಹೋದ ವಾರ ಯಾರ್ಡಿನಲ್ಲಿ ಮಳೆ ನಿಂತ ಮೇಲೆ ಸೀದಾ ವಾಡಿಗೆ ಹೋಗಿ ಅವನನ್ನು ಕೇಳಿದೆ. 'ಕಾಕಾ, ಈ ರವಿವಾರ ಬರ್ತಿಯೇನು?'

'ಇಲ್ಲ.'

'ಸಿಟ್ಟು ಇನ್ನಾ ಹೋಗಿಲ್ಲೇನು?'

ಅವನು ನನ್ನ ಮುಖವನ್ನೇ ನೋಡಿದ. 'ನೀ ಮೂರು ತಿಂಗಳು ಸಿಟ್ಟು ಮಾಡಿದಿ. ಊರು ಬಿಟ್ಟು ಹೋಗಿ ಮಾಡಿದಿ. ಬ್ಯಾಡ ಅಂದ್ರೇನು ಯಾರರ ನಿಂಗ? ನಾ ಜಿಂದಗಿದಾಗ ಇದೇ ಮೊದಲ ಸಲ ಮಾಡಾಕತ್ತೀನಿ. ಮಾಡಗೊಡು.'

'ಆತು ಕಾಕಾ' ಅಂದೆ.

ಅವನಿಗೆ ಈಗ ಅರವತ್ತೈದು. ಸಿಟ್ಟು ಬೇಗ ಮುಗಿಸು ಅನ್ನುವ ಬಾಯಿ ನನಗಿಲ್ಲ.